ಅಮರೇಶನ ಗಿಡಕ್ಕೆ ಬಿದ್ದ ರೋಗ

ನಾನು ಅರ್ಥಮಾಡಿಕೊಳ್ಳಬೇಕೆಂದು ಹಟ ಹಿಡಿದರೆ ಒಂದು ಚಿತ್ರ ನನ್ನಿಂದ ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ರಾಯಚೂರಿನ ಕಾಲೇಜಿನಲ್ಲಿ ವರ್ಷಗಟ್ಟಲೆ ಹಳಗನ್ನಡ ಕಲಿಸಿದವನು ನಾನು. ಅರ್ಧ ಪುಟ ಉದ್ದದ ಸಮಾಸಪದಗಳನ್ನು ಹಗ್ಗದ ಗಂಟಿನಂತೆ ಬಿಡಿಸಿ ಹುಡುಗರ ಮುಂದೆ ಇಟ್ಟವನು. ಇದೋ, ಎರಡು ಮೊಳದ ಕ್ಯಾನ್ವಾಸು. ಅದರ ಮೇಲೆ ಒಂದು ಗಿಡ. ಗಿಡದ ತುಂಬ ಕಾಯಿ. ಇದೆಷ್ಟರ ಮಾತು! ಬರುವ ಭಾನುವಾರದೊಳಗೆ ಈ ಗಿಡದ ಬೇರಿನಿಂದ ಕುಡಿಯವರೆಗೆ ಇರುವ ಅರ್ಥವನ್ನೆಲ್ಲ ಕೊಯಿಲು ಮಾಡಿ ಮಾನ್ವಿಯ ಸಭೆಯಲ್ಲಿ ರಾಶಿ ಹಾಕುತ್ತೇನೆಂದು ನಮ್ಮ ಪಡಸಾಲೆಯಲ್ಲಿ ನಿಂತು ಘೋಷಿಸಿದೆ!

ಸಭಿಕರಲ್ಲಿ ಹಾಜರಿದ್ದವಳು ನನ್ನ ಹೆಂಡತಿ ಶೈಲಶ್ರೀ ಒಬ್ಬಳೇ. ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿ ಚಿತ್ರ ನೋಡಿದಳು.

"ರಾಶಿ ಆಮ್ಯಾಲ ಹಾಕ್ರಿ. ಮೊದಲ ಅದು ಯಾವ ಗಿಡ ಹೇಳ್ರಿ."

"ಗಿಡದ ಜಾತಿ ಮುಖ್ಯ ಅಲ್ಲ ಶೈಲಾ. ಇದಕ್ಕ ಅಭಿವ್ಯಕ್ತಿವಾದ ಅಂತಾರ. ಕಣ್ಣಿಗೆ ಕಂಡದ್ದಲ್ಲ, ಎದಿಯೊಳಗ ಕುದಿಯೋದನ್ನ ಬರೀತಾರ."

"ಎದಿಯೊಳಗ ಟೊಮೆಟೊ ಕುದೀತದೇನ್ರಿ?"

ಅಭಿವ್ಯಕ್ತಿವಾದದ ಮೇಲೆ ಇದಕ್ಕಿಂತ ದೊಡ್ಡ ಪೆಟ್ಟು ಯಾವ ವಿಮರ್ಶಕನೂ ಕೊಟ್ಟಿರಲಿಕ್ಕಿಲ್ಲ.

ಚಿತ್ರ ಬರೆದವನು ಅಮರೇಶ. ಮಾನ್ವಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಪಿಯುಸಿಯಿಂದ ನನ್ನ ಗೆಳೆಯ. ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಉಂಡು ಮಲಗಿದವನು ಚಹಾಕ್ಕೆ ಏಳಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ. ಹಳಗನ್ನಡದಲ್ಲೂ ಬರುವುದಿಲ್ಲ.

ಅವನ ಚಿತ್ರಗಳನ್ನೆಲ್ಲ ಶಾಲೆಗೇ ಕೊಟ್ಟುಬಿಡುವುದೆಂದು ಅವನ ಹೆಂಡತಿ ನಾಗವೇಣಿ ನಿರ್ಧರಿಸಿದ್ದಳು. ಕೊಡುವ ಮೊದಲು ಒಂದು ಭಾನುವಾರ ಶಾಲೆಯ ಸಭಾಂಗಣದಲ್ಲಿ ಎಲ್ಲವನ್ನೂ ಗೋಡೆಗೆ ತೂಗುಹಾಕಿ ನಾಲ್ಕು ಜನ ಸೇರುವುದು ಎಂದಾಗಿತ್ತು. ಇದೊಂದು ಚಿತ್ರವನ್ನು ಮಾತ್ರ ಅವಳು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ರಾಯಚೂರಿನ ನಮ್ಮ ಮನೆಗೆ ತಂದಳು.

"ಅಣ್ಣಾರ, ಇದು ಅವರ ಕಡೀ ಚಿತ್ರ," ಎಂದಳು. "ಎಲಿ ನೋಡ್ರಿ, ಎಲ್ಲಾ ಕೆಂಪು. ಟೊಂಗಿ ಎಲ್ಲಾ ಬಾಗಿ ನೆಲಕ್ಕ ಬಿದ್ದಾವ. ನೋಡಿದ್ರ ಎದಿ ಝಲ್ ಅಂತದ. ಒಳಗ ಅಷ್ಟು ಸಂಕಟ ಇತ್ತೇನ್ರಿ ಅವರಿಗೆ? ನನ್ನ ಮುಂದ ನಕ್ಕೋತ ಇದ್ರು. ನನಗ ತಿಳೀಲೇ ಇಲ್ಲೇನು? ನೀವು ಓದಿದವರು, ನೋಡಿ ಹೇಳ್ರಿ. ಮನ್ಯಾಗ ಇಟ್ಕೋಬೇಕೋ, ಇದನ್ನೂ ಸಾಲಿಗೆ ಕೊಡಬೇಕೋ, ನೀವು ಹೇಳಿದಂಗ ಮಾಡತೀನಿ."

"ಹೇಳತೀನಿ ತಂಗಿ, ಅದೇನು ದೊಡ್ಡ ಮಾತು!" ಎಂದೆ. ಇಡೀ ಅನಾಹುತಕ್ಕೆ ಈ ಒಂದು ವಾಕ್ಯವೇ ಕಾರಣ.

ಮರುದಿನವೇ ಗ್ರಂಥಾಲಯದಿಂದ ಕಲೆಯ ಬಗ್ಗೆ ಇದ್ದ ಪುಸ್ತಕಗಳನ್ನೆಲ್ಲ ಹೊತ್ತು ತಂದೆ. ಓದಿದೆ. ಈ ಪಂಥದ ಬಗ್ಗೆ ಬರೆದ ಪಂಡಿತರಲ್ಲಿ ಅದೇನು ಒಗ್ಗಟ್ಟು! ಕೆಂಪು ಎಂದರೆ ಒಳಗಿನ ಉರಿ ಎಂದರು. ಬಾಗಿದ ಗೆರೆ ಎಂದರೆ ಹತಾಶೆ ಎಂದರು. ಹಳದಿ ಆಕಾಶ ಎಂದರೆ ಭಯ. ಕಪ್ಪು ಎಂದರೆ ಕೇಳುವುದೇ ಬೇಡ. ಅಮರೇಶನ ಚಿತ್ರದಲ್ಲಿ ಕೆಂಪು ಎಲೆ, ಬಾಗಿದ ಟೊಂಗೆ, ಹಳದಿ ಆಕಾಶ, ಕಪ್ಪು ಕಾಯಿ, ಎಲ್ಲವೂ ಇದ್ದವು. ಒಬ್ಬನೇ ಒಬ್ಬ ಪಂಡಿತ 'ಕೆಂಪು ಎಂದರೆ ಸುಮ್ಮನೆ ಕೆಂಪು' ಎಂದು ಬರೆದಿದ್ದರೆ ಅವನ ಕಾಲಿಗೆ ಬೀಳುತ್ತಿದ್ದೆ.

ಪುಸ್ತಕ ಮುಚ್ಚಿ ಚಿತ್ರದ ಹತ್ತಿರ ಹೋದೆ. ಬಣ್ಣವನ್ನು ಗೋಡೆಗೆ ಗಿಲಾಯಿ ಮಾಡಿದಂತೆ ದಪ್ಪಗೆ ಮೆತ್ತಿದ್ದ. ಕೆಳಗಿನ ಮೂಲೆಯಲ್ಲಿ, ಬಣ್ಣ ಇನ್ನೂ ಹಸಿಯಿದ್ದಾಗ ಚಿತ್ರವನ್ನು ಎತ್ತಿಡಲು ಹಿಡಿದಿರಬೇಕು, ಅವನ ಹೆಬ್ಬೆರಳು ಮೂಡಿತ್ತು. ಗೆರೆಗಳೆಲ್ಲ ಸ್ಪಷ್ಟ. ನನ್ನ ಹೆಬ್ಬೆರಳನ್ನು ಅದರ ಮೇಲೆ ಇಟ್ಟೆ. ನನ್ನದು ಸ್ವಲ್ಪ ದೊಡ್ಡದು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಶೈಲಶ್ರೀ ಬಂದು ನೋಡಿ, ಏನೂ ಅನ್ನದೆ ಒಳಗೆ ಹೋದಳು. ಅವಳು ಏನೂ ಅನ್ನದೆ ಹೋಗುವುದು ನಮ್ಮ ಮನೆಯಲ್ಲಿ ದೊಡ್ಡ ಘಟನೆ.

ದಿನಗಳು ಕಳೆಯುತ್ತಿದ್ದವು. ನಾಗವೇಣಿಗೆ ಏನು ಹೇಳಲಿ? 'ಹೌದು ತಂಗಿ, ಅವನು ಒಳಗೇ ಸುಡುತ್ತಿದ್ದ, ನಿನಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ' ಎನ್ನಲೇ? ಆಗ ನನಗೊಂದು ಮಹಾ ಉಪಾಯ ಹೊಳೆಯಿತು! ಗಿಡ ಯಾವುದೆಂದು ಗೊತ್ತಾದರೆ ಅದರ ಗುಣ ಹಿಡಿದು ಏನಾದರೂ ಸಮಾಧಾನದ ಮಾತು ಹೇಳಬಹುದಲ್ಲ? ಮೆಣಸಿನ ಗಿಡವಾದರೆ ಅದಕ್ಕೊಂದು, ದಾಳಿಂಬೆಯಾದರೆ ಅದಕ್ಕೊಂದು.

ಮೊಬೈಲಿನಲ್ಲಿ ಫೋಟೋ ತೆಗೆದೆ. ಚಿತ್ರವೆಂದು ತಿಳಿದರೆ 'ಇಷ್ಟು ಓದಿದವರಿಗೆ ಇದೂ ತಿಳಿಯಲಿಲ್ಲವೇ' ಎಂದಾರು ಎಂಬ ಮರ್ಯಾದೆಯ ಪ್ರಶ್ನೆ ಇತ್ತಾದ್ದರಿಂದ ಚಿತ್ರದ ಕಟ್ಟು, ಹಿಂದಿನ ಗೋಡೆ ಎಲ್ಲ ಕತ್ತರಿಸಿ, ಬರಿ ಗಿಡವನ್ನಷ್ಟೇ ಉಳಿಸಿ ಹೆಂಡತಿಯ ತವರಿನ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಕೆಳಗೆ ಬರೆದೆ: 'ಇದು ಯಾವ ಗಿಡ? ಜಲ್ದಿ ಹೇಳ್ರಿ.'

ಜಲ್ದಿಯೇ ಹೇಳಿದರು! ಚಹಾ ಆರುವ ಮೊದಲೇ ದೇವದುರ್ಗದಿಂದ ನಮ್ಮ ಮಾವ ಗಡಿಗೆಪ್ಪನವರ ಫೋನು. ಮಾವನವರು ಹುಟ್ಟಿದಾಗಿನಿಂದ ಮೆಣಸಿನಕಾಯಿ ಬೆಳೆದವರು. ಅವರ ಮೊಬೈಲಿನ ಗಾಜು ಒಡೆದು ಜೇಡರ ಬಲೆಯಂತಾಗಿದೆ. ಅದರಲ್ಲಿ ನೋಡಿದರೆ ಮದುವೆಯ ಫೋಟೋ ಕೂಡ ಅಭಿವ್ಯಕ್ತಿವಾದವೇ.

"ಅಳಿಯಾರ! ಎಲ್ಲಿ ಹೊಲ ಗುತ್ತಿಗಿ ಹಿಡದೀರಿ? ನಮಗೊಂದು ಮಾತು ಹೇಳಂಗಿಲ್ಲೇನು?"

"ಹೊಲ ಅಲ್ರಿ ಮಾವಾರ..."

"ಮೆಣಸಿನ ಗಿಡ ಅದು. ಮುಟುರು ರೋಗ ಬಿದ್ದದ. ಎಲಿ ಹೆಂಗ ಮುದುಡಿ ಕೆಂಪಾಗ್ಯಾವ ನೋಡ್ರಿ! ಎಣ್ಣಿ ಹೊಡದೀರೋ ಇಲ್ಲೋ?"

ನಮ್ಮ ಕಡೆ ಬೆಳೆಗೆ ಸಿಂಪಡಿಸುವ ಔಷಧಕ್ಕೆ ಎಣ್ಣಿ ಎನ್ನುತ್ತಾರೆ. ಅದು ಆ ಗಳಿಗೆಯಲ್ಲಿ ನನ್ನ ನೆನಪಿಗೆ ಬರಲಿಲ್ಲ.

"ಅದು ಪೂರಾ ಎಣ್ಣೀದೇ ರೀ ಮಾವಾರ, ಎಣ್ಣಿ ಬಣ್ಣದಾಗ..."

"ಪೂರಾ ಡಬ್ಬಿ ಹೊಡದೀರೇನು! ಅದಕ್ಕೇ ಸುಟ್ಟು ಹೋಗ್ಯದ! ತಡೀರಿ, ಮೀರಾಹುಸೇನಗ ತೋರಸತೀನಿ," ಎಂದು ಫೋನಿಟ್ಟರು.

ಮೀರಾಹುಸೇನರದು ದೇವದುರ್ಗದಲ್ಲಿ ಬೀಜ-ಔಷಧದ ಅಂಗಡಿ. ರೈತರು ರೋಗದ ಎಲೆ ಕಿತ್ತು ಅವರ ಗಲ್ಲೆಯ ಮೇಲೆ ಇಡುತ್ತಾರೆ. ಅವರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಹಿಂದಿನ ಕಪಾಟಿನಿಂದ ಒಂದು ಬಾಟಲಿ ತೆಗೆದು ಕೊಡುತ್ತಾರೆ. ಈಚೆಗೆ ಎಲೆಯ ಬದಲು ಫೋಟೋ. ವರ್ಷಗಟ್ಟಲೆ ಅನುಭವದ ಮೀರಾಹುಸೇನರು ಅಮರೇಶನ ಗಿಡವನ್ನು ಹಿಗ್ಗಿಸಿ ನೋಡಿದರಂತೆ, ಕುಗ್ಗಿಸಿ ನೋಡಿದರಂತೆ, ಕನ್ನಡಕ ತೆಗೆದು ನೋಡಿದರಂತೆ. ಕೊನೆಗೆ, "ಇದು ಮುಟುರು ಅಲ್ಲ ಗಡಿಗೆಪ್ಪಾರ. ಇಂಥಾ ರೋಗ ನಾ ನೋಡೇ ಇಲ್ಲ. ಯಾವ ಬಾಟ್ಲಿನೂ ಹತ್ತಂಗಿಲ್ಲ. ಕಿತ್ತಿ ಸುಡ್ರಿ," ಎಂದರಂತೆ. ಅಷ್ಟು ಹೇಳಿ ಸುಮ್ಮನಾಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಎಲ್ಲರೂ ಹುಷಾರಾಗಿರಲಿ ಎಂಬ ಒಳ್ಳೆಯ ಮನಸ್ಸಿನಿಂದ ತಮ್ಮ ಗಿರಾಕಿಗಳ ಗುಂಪಿಗೆಲ್ಲ ಆ ಫೋಟೋ ಕಳಿಸಿದರು: 'ರಾಯಚೂರು ಕಡೆ ಮೆಣಸಿನ ಗಿಡಕ್ಕ ಹೊಸ ರೋಗ. ಎಚ್ಚರ.'

ನನ್ನ ಗೆಳೆಯ ಬದುಕಿದ್ದಾಗ ಅವನ ಚಿತ್ರಪ್ರದರ್ಶನಕ್ಕೆ ಬಂದವರೆಂದರೆ ನಾನು, ನಾಗವೇಣಿ, ಮತ್ತು ಬಾಗಿಲು ಹಾಕಲು ಕಾಯುತ್ತಿದ್ದ ಸಿಪಾಯಿ. ಈಗ ನೋಡಿ! ಅವನ ಕೃತಿ ದೇವದುರ್ಗ ಬಿಟ್ಟಿತು, ಪೋತ್ನಾಳ ತಲುಪಿತು, ಕುರ್ಡಿ ದಾಟಿತು, ಚೀಕಲಪರ್ವಿಯ ಹೊಳೆಯ ದಂಡೆಯವರೆಗೆ ಹೋಯಿತು. ಹೋದಲ್ಲೆಲ್ಲ ಜನ ಕಣ್ಣರಳಿಸಿ ನೋಡಿದರು, ಎಲೆ ಎಲೆಯನ್ನೂ ಪರೀಕ್ಷಿಸಿದರು, ವಾದ ಮಾಡಿದರು. ಯಾವ ಕಲಾವಿದನಿಗೆ ಸಿಕ್ಕೀತು ಇಂಥ ರಸಿಕವರ್ಗ!

ಮರುದಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿ ಕಿರಣಕುಮಾರ ನನ್ನದೇ ಫೋಟೋವನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಸರ್, ನೋಡಿದ್ರೇನು? ಈ ಸಲ ಖಾರಪುಡಿ ಈಗಲೇ ಮಾಡಿಸಿಟ್ಕೊಳ್ರಿ."

ಕೂಡಲೇ ಮಾವನವರ ಮನೆಯ ಗುಂಪಿಗೆ ಬರೆದೆ: 'ದಯವಿಟ್ಟು ನಂಬಬೇಡಿ. ಅದು ಗಿಡ ಅಲ್ಲ, ಬರೀ ಚಿತ್ರ.' ಉತ್ತರ ಬಂತು: 'ಚಿತ್ರ ಅಂತ ನಮಗೂ ಗೊತ್ತದ ರೀ ಅಳಿಯಾರ. ಗಿಡಾನೇ ವಾಟ್ಸಾಪಿನ್ಯಾಗ ಕಳಸಾಕ ಬರತದೇನು?'

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಮರೆಯಬಹುದಿತ್ತು. ಸಂಜೆ ನಾಗವೇಣಿಯ ಫೋನು ಬಂತು. ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಯಾರೋ ಎಂದುಕೊಂಡೆ.

"ಅಣ್ಣಾರ, ನಮ್ಮ ಓಣಿ ಗ್ರೂಪಿನ್ಯಾಗ ಅವರ ಚಿತ್ರ ಬಂದದ. ಅದೇ ಕೆಂಪು ಗಿಡ. ಕೆಳಗ ಬರದಾರ, 'ಇದು ಉಳಿಯಂಗಿಲ್ಲ, ಮೊದಲೇ ನೋಡಿಕೊಂಡಿದ್ರ ಉಳೀತಿತ್ತು' ಅಂತ. ಯಾರು ಬರದಾರ್ರಿ? ಅವರಿಗೇನು ಗೊತ್ತದ?"

ನಾನು ಕುರ್ಚಿ ಹುಡುಕಿ ಕುಳಿತೆ.

"ತಂಗಿ, ಅದು ಮೆಣಸಿನ ಗಿಡದ ಮಾತವ್ವ."

"ಹಂಗಾರ ಅದು ಮೆಣಸಿನ ಗಿಡ ಏನ್ರಿ?"

"ಅದು... ಇನ್ನೂ ನೋಡಾಕತ್ತೀನಿ."

"ಛಲೋತಂಗ ನೋಡ್ರಿ. ಭಾನುವಾರ ಇದ್ದದ್ದು ಇದ್ದಂಗ ಹೇಳ್ರಿ. ನಾ ತಡಕೋತೀನಿ," ಎಂದು ಫೋನಿಟ್ಟಳು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಶೈಲಶ್ರೀ ಹಣೆ ಹಿಡಿದುಕೊಂಡಳು. "ಒಂದು ಗಿಡ ಅರ್ಥ ಮಾಡ್ಕೊಳ್ರಿ ಅಂದ್ರ ತಾಲೂಕು ತಾಲೂಕಿಗೆ ರೋಗ ಹಂಚಿ ಬಂದ್ರಲ್ರಿ! ಇನ್ನ ಆಕೀಗೇನು ಹೇಳತೀರಿ?"

"ಸುಳ್ಳು ಹೇಳತೀನಿ," ಎಂದೆ. ಜೀವನದಲ್ಲಿ ಮೊದಲ ಸಲ ಅವಳು ನನ್ನ ಯೋಜನೆಗೆ ಎದುರಾಡಲಿಲ್ಲ.

ಸುಳ್ಳಿನ ಭಾಷಣ ಸಿದ್ಧವಾಯಿತು. ಕೆಂಪು ಎಂದರೆ ಉತ್ಸಾಹ, ಬಾಗಿದ ಗೆರೆ ಎಂದರೆ ನಾಟ್ಯ, ಹಳದಿ ಆಕಾಶವೆಂದರೆ ಮದುವೆಯ ಅರಿಷಿಣ. ಯಾವ ಪಂಡಿತನೂ ಬರೆಯದ ಈ ಶಾಸ್ತ್ರವನ್ನು ನಾನೇ ಬರೆದೆ! ಭಾನುವಾರ ಬೆಳಿಗ್ಗೆ ಚಿತ್ರವನ್ನು ಅದೇ ಸೀರೆಯಲ್ಲಿ ಸುತ್ತಿಕೊಂಡು ಇಬ್ಬರೂ ಮಾನ್ವಿಗೆ ಹೊರಟೆವು.

ಶಾಲೆಯ ಅಂಗಳ ಹೊಕ್ಕವನು ಅಲ್ಲೇ ನಿಂತೆ. ಸಾಲು ಸಾಲು ಮೋಟಾರ್ ಸೈಕಲ್ಲು! ಬಿಳಿ ಟವೆಲಿನ ರೈತರು ಗುಂಪು ಗುಂಪಾಗಿ ನಿಂತಿದ್ದಾರೆ. ಕೆಲವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮೆಣಸಿನ ಎಲೆ. ಎಲ್ಲರಿಗಿಂತ ಮುಂದೆ ಬಾಟಲಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡ ನಮ್ಮ ಮಾವನವರು. ಶಾಲೆಯವರು ಆಮಂತ್ರಣದಲ್ಲಿ ಗಿಡದ ಚಿತ್ರವನ್ನೇ ಅಚ್ಚು ಹಾಕಿಸಿ, ಕೆಳಗೆ 'ಈ ಕುರಿತು ರಾಯಚೂರಿನ ಪ್ರೊಫೆಸರ್ ಬಸವಲಿಂಗ ಅವರು ಮಾತನಾಡುವರು' ಎಂದು ನನ್ನ ಹೆಸರು ಹಾಕಿದ್ದರು. ಅದೂ ಊರೂರು ಸುತ್ತಿತ್ತು. ಹೊಸ ರೋಗಕ್ಕೆ ಪರಿಹಾರ ಹೇಳಲು ರಾಯಚೂರಿನಿಂದ ದೊಡ್ಡ ಕೃಷಿ ಪ್ರೊಫೆಸರ್ ಬರುತ್ತಾರೆಂದು ಜನ ಕೆಲಸ ಬಿಟ್ಟು ಬಂದಿದ್ದರು.

"ಯಪ್ಪಾ, ನೀ ಯಾಕ ಬಂದಿ?" ಎಂದಳು ಶೈಲಶ್ರೀ.

"ಅಳಿಯಾರು ಭಾಷಣ ಮಾಡತಾರ ಅಂದ್ರ ಬರಬ್ಯಾಡೇನು? ಅದರಾಗ ತಪ್ಪು ಏನರ ಹೇಳಿಗೀಳ್ಯಾರು ಅಂತ ಬಂದೆ."

ಸಭಾಂಗಣ ತುಂಬಿ ತುಳುಕಿತು. ಮುಂದಿನ ಸಾಲಿನಲ್ಲಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಾಗವೇಣಿ ಕುಳಿತಿದ್ದಳು. ಅವಳ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು. ಸೀರೆ ಬಿಚ್ಚಿ ಚಿತ್ರವನ್ನು ಮೇಜಿನ ಮೇಲೆ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಆರಂಭಿಸಿದೆ.

"ಮಾನ್ಯರೇ, ಕೆಂಪು ಎಂದರೆ ಉತ್ಸಾಹ..."

"ಕೆಂಪು ಅಂದ್ರ ನುಸಿ ರೀ ಅಳಿಯಾರ!" ಮಾವನವರು ಎದ್ದು ನಿಂತರು.

"ನುಸಿ ಅಲ್ಲ ತಗೀರಿ. ಬೇರಿಗೆ ನೀರು ನಿಂತದ," ಎಂದರು ಪೋತ್ನಾಳದವರೊಬ್ಬರು.

"ನಿಮ್ಮೂರಾಗ ಕಾಲುವಿ ನೀರು ನಿಂತದ ಅಂತ ಎಲ್ಲಾರ ಹೊಲದಾಗ ನಿಲ್ಲತದೇನು? ಗೊಬ್ಬರ ಕಮ್ಮಿ ಬಿದ್ದದ!" ಇದು ಕುರ್ಡಿಯವರ ಮಾತು.

"ಏನರ ಆಗಲಿ, ಅದು ಉಳಿಯಂಗಿಲ್ಲ!"

"ಹೌದು, ಹೋತದು!"

"ಮೊದಲೇ ಯಾರರ ನೋಡಿಕೊಂಡಿದ್ರ..."

ಒಂದೊಂದು ಮಾತಿಗೂ ನಾಗವೇಣಿಯ ಮುಷ್ಟಿ ಬಿಗಿಯುತ್ತಿತ್ತು. ಸುಳ್ಳು ಹೇಳಲೂ ಬಿಡುತ್ತಿಲ್ಲವಲ್ಲ ಈ ಜನ! ಕೊನೆಗೆ ತರಗತಿಯಲ್ಲೂ ಎಂದೂ ಕೂಗದ ಧ್ವನಿಯಲ್ಲಿ ಕೂಗಿಬಿಟ್ಟೆ.

"ಅದು ಗಿಡ ಅಲ್ರೀ! ಅದು ನನ್ನ ಗೆಳೆಯ!"

ಸಭೆ ಗಪ್ಪಾಯಿತು. ಮಾವನವರು ಬಾಟಲಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

ನಾಗವೇಣಿ ಕೇಳಿದಳು. "ಹಂಗಾರ ಅಷ್ಟು ಸಂಕಟ ಇತ್ತೇನ್ರಿ ಅಣ್ಣಾರ?"

ಹಾಳೆ ನೋಡಿದೆ. ಅಲ್ಲಿದ್ದ ಒಂದು ಸಾಲೂ ಬಾಯಿಗೆ ಬರಲಿಲ್ಲ. "ನನಗ ಗೊತ್ತಿಲ್ಲ ತಂಗಿ," ಎಂದೆ. "ದಿನಾ ನೋಡಿದೆ. ಪುಸ್ತಕ ಎಲ್ಲಾ ಓದಿದೆ. ನನಗ ಗೊತ್ತಾಗಲಿಲ್ಲ."

"ಸರ್, ಒಂದು ಮಾತು ಹೇಳಲೇನ್ರಿ?" ಹಿಂದಿನ ಸಾಲಿನಿಂದ ಧ್ವನಿ ಬಂತು. ನಾಹಿದ್ ಟೀಚರು. ಅದೇ ಶಾಲೆಯ ವಿಜ್ಞಾನ ಶಿಕ್ಷಕಿ. ಗದ್ದಲ ಶುರುವಾದಾಗಿನಿಂದ ಹುಡುಗರಂತೆ ಕೈ ಎತ್ತಿಕೊಂಡೇ ನಿಂತಿದ್ದರಂತೆ. ಟವೆಲುಗಳ ನಡುವೆ ಯಾರಿಗೂ ಕಂಡಿರಲಿಲ್ಲ.

"ಅದು ಬದನಿ ಗಿಡ ರೀ. ಇಲ್ಲೇ ಬಿಸಿಯೂಟದ ಅಡಿಗಿಮನಿ ಹಿಂದ ಇತ್ತು. ಅಮರೇಶ ಸರ್ ಅಲ್ಲೇ ಕುಂತು ಬರದ್ರು. ನಾ ನೋಡೀನಿ."

"ಬದನಿ ಎಲಿ ಎಲ್ಯರ ಕೆಂಪು ಇರತದೇನವ್ವಾ?" ಮಾವನವರು ಸುಲಭಕ್ಕೆ ಬಿಡುವವರಲ್ಲ.

"ಹಸರು ಬಣ್ಣ ಮುಗದಿತ್ತು ರೀ."

"ಹೆಂಗ ಮುಗೀತು?" ಎಂದೆ ನಾನು. ಈಗ ಸಭೆಯಲ್ಲಿ ವಿದ್ಯಾರ್ಥಿ ನಾನೇ.

"ಹೊರಗಿನ ಗ್ವಾಡಿ ಮ್ಯಾಲ ಕರ್ನಾಟಕದ ನಕ್ಷಾ ಬರದಾರಲ್ರಿ, ಅದಕ್ಕ. ಸಾಲಿಗೆ ಬಣ್ಣ ಬರೋದು ತಡ ಆತು ಅಂತ ತಮ್ಮ ಸ್ವಂತ ಬಣ್ಣ ತಂದು ಶುರು ಮಾಡಿದ್ರು. ಕಾರವಾರದಿಂದ ಹಚ್ಕೋತ ಬಂದ್ರು. ಮಲೆನಾಡು ಮುಗಿಯೋದ್ರಾಗ ಹಸರು ತಳ ಕಂಡಿತ್ತು, ನಮ್ಮ ಜಿಲ್ಲಾ ಬರೋದ್ರಾಗ ಪೂರಾ ಖಾಲಿ!"

"ನೋಡ್ರಪ್ಪಾ!" ಕುರ್ಡಿಯವರು ತೊಡೆ ತಟ್ಟಿದರು. "ಬಣ್ಣದಾಗೂ ನಮ್ಮ ಕಡೀಗೆ ಪಾಲು ಬರಲಿಲ್ಲ!"

ಸಭೆ ಗೊಳ್ಳೆಂದಿತು. ನಾಹಿದ್ ಮುಂದುವರಿಸಿದರು. "ಗಿಡಕ್ಕ ಏನು ಹಚ್ಚತೀರಿ ಸರ್ ಅಂದೆ. 'ಕೆಂಪು ಉಳದದ, ಕೆಂಪೇ ಹಚ್ಚತೀನಿ. ಬದನಿಕಾಯಿ ಏನು ಬಂದು ನೋಡತದೇನು?' ಅಂದ್ರು."

ನಾಗವೇಣಿ ಎದ್ದು ನಿಂತಿದ್ದಳು. "ಟೊಂಗಿ ಯಾಕ ಹಂಗ ಬಾಗ್ಯಾವ ಟೀಚರ್?"

"ಕಾಯಿ ಭಾರಕ್ಕ ರೀ ಅಕ್ಕಾರ. ಆ ಸಲ ಬಾಳ ಬಿಟ್ಟಿತ್ತು. ಬಿಸಿಯೂಟಕ್ಕ ದಿನಾ ಅದರದೇ ಪಲ್ಯ. ಸರ್ ಹುಡುಗರ ಜೋಡಿ ಕುಂತು ಎರಡೆರಡು ಸಲ ಹಾಕಿಸ್ಕೊಂಡು ಉಣತಿದ್ರು."

"ಎರಡೆರಡು ಸಲ!" ನಾಗವೇಣಿಯ ಕೈ ಬಾಯಿಗೆ ಹೋಯಿತು. "ಮನಿಗೆ ಬಂದು ನನಗ ಹಸಿವಿಲ್ಲ ಅಂತಿದ್ರಲ್ಲ! ದಿನಾ ಅರ್ಧ ರೊಟ್ಟಿ ಬಿಡತಿದ್ರು. ಮನಸ್ಸಿಗೆ ಏನು ಹತ್ಯದೋ ಅಂತ ನಾ ಎಷ್ಟು ಅತ್ತೀನಿ!"

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಶೈಲಶ್ರೀ ಓಡಿಹೋಗಿ ಅವಳನ್ನು ಹಿಡಿದುಕೊಂಡಳು. ಇಬ್ಬರೂ ಒಬ್ಬರ ಭುಜದ ಮೇಲೆ ಒಬ್ಬರು ತಲೆಯಿಟ್ಟು ಅಲುಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನಾಗವೇಣಿ ಕಣ್ಣೊರೆಸಿಕೊಂಡು ಬಂದು, ಚಿತ್ರವನ್ನು ತಾನೇ ಮೇಜಿನಿಂದ ಎತ್ತಿ ಎದೆಗೆ ಒತ್ತಿಕೊಂಡಳು.

"ಇದು ಮನಿಗೆ," ಎಂದಳು. ನನ್ನನ್ನು ಕೇಳಲಿಲ್ಲ.

ನಂತರ ಜನವೆಲ್ಲ ನಕ್ಷೆ ನೋಡಲು ಹೊರಗೆ ನುಗ್ಗಿತು. ನಿಜಕ್ಕೂ ದೊಡ್ಡ ನಕ್ಷೆ. ಪಡುವಣಕ್ಕೆ ಕಡುಹಸಿರು, ಪೂರ್ವಕ್ಕೆ ಬಂದಂತೆ ತಿಳಿ, ಆಮೇಲೆ ಇನ್ನೂ ತಿಳಿ, ಬಣ್ಣವನ್ನು ನೀರಿನಂತೆ ಎಳೆದೆಳೆದು ಹಚ್ಚಿದ್ದ. ರಾಯಚೂರು ಜಿಲ್ಲೆ ಬರಿ ಸುಣ್ಣದ ಬಿಳಿ. ಹೊಳೆಗಳ ಗೆರೆ ಮಾತ್ರ ಎಳೆದು ಬಿಟ್ಟಿದ್ದ.

"ಇದೊಂದು ಯಾಕ ಬಿಟ್ರು?" ಎಂದಳು ನಾಗವೇಣಿ.

"ನಮ್ಮದೇ ಜಿಲ್ಲಾ ಅಲ್ಲೇನು, ಎಲ್ಲಿ ಹೋಗತದ, ಆಮ್ಯಾಲ ಹಚ್ಚೋಣ ಅಂದಿದ್ರು ರೀ," ಎಂದರು ನಾಹಿದ್. "ಬ್ಯಾಸಗಿ ಸೂಟಿ ಮುಗದ ಮ್ಯಾಲ ಸಾಲಿಗೆ ಬಣ್ಣ ಬಂತು. ಹಸರು ಡಬ್ಬಿ ಹಂಗೇ ಅದ. ಯಾರಿಗೂ ತೆಗಿಯೋ ಮನಸ್ಸಾಗಿಲ್ಲ," ಎಂದರು.

ಮಾವನವರು ಟವೆಲಿನಿಂದ ಮುಖ ಒರೆಸಿಕೊಂಡರು. ನಾಹಿದ್ ಒಳಗೆ ಹೋಗಿ ಡಬ್ಬಿ, ಕುಂಚ ತಂದರು. ನಾಗವೇಣಿ ಕುಂಚವನ್ನು ನನ್ನ ಕೈಗಿಟ್ಟಳು.

"ನೀವು ಹಚ್ರಿ ಅಣ್ಣಾರ."

ನನ್ನ ಎದೆ ಉಬ್ಬಿತು. ಚಿತ್ರದ ಅರ್ಥ ತಿಳಿಯದಿದ್ದರೇನಾಯಿತು? ಇದರಲ್ಲಿ ತಿಳಿಯುವುದೇನಿದೆ! ಗಡಿ ಅವನೇ ಎಳೆದಿದ್ದಾನೆ, ನಡುವೆ ಬಣ್ಣ ತುಂಬಿದರೆ ಮುಗಿಯಿತು. ಎಲ್ಲರೂ ನೋಡುತ್ತಿದ್ದಾರೆ. ಕುಂಚವನ್ನು ಡಬ್ಬಿಯಲ್ಲಿ ಗಟ್ಟಿಯಾಗಿ ಅದ್ದಿ, ಮಾನ್ವಿಯ ನೆತ್ತಿಯ ಮೇಲಿಟ್ಟು, ದೊಡ್ಡ ಕಲಾವಿದರ ಹಾಗೆ ಕಣ್ಣು ಅರ್ಧ ಮುಚ್ಚಿ, ಕೆಳಗಿನವರೆಗೆ ಒಂದೇ ಎಳೆತಕ್ಕೆ ಎಳೆದೆ.

"ಅಣ್ಣಾರ, ಸಾವಕಾಶ!" ಎಷ್ಟೋ ತಿಂಗಳ ಮೇಲೆ ನಾಗವೇಣಿ ಗಂಟಲು ಬಿಚ್ಚಿ ನಕ್ಕಳು. "ಹೊಳಿ ದಾಟಿ ಆಂಧ್ರಕ್ಕ ಹೋದ್ರಿ!"